ಹಿಮದ ಲೆಕ್ಕ ಹಾಕಿಸಿದ ಮೇಷ್ಟ್ರು

ಮೊನ್ನೆ ನಮ್ಮ ಕಾಲೇಜಿನಲ್ಲಿ ಹಳೆಯ ಮೇಷ್ಟ್ರೊಬ್ಬರ ಸಂತಾಪ ಸಭೆ ನಡೆಯಿತು. ಸತ್ತವರ ಬಗ್ಗೆ ಒಳ್ಳೆಯ ಮಾತನ್ನೇ ಆಡಬೇಕು, ಒಪ್ಪಿದೆ. ಆದರೆ ಆ ಮಾತು ಸತ್ತವರಿಗೆ ಸೇರಿದ್ದಾದರೂ ಆಗಿರಬೇಕಲ್ಲ. ಒಬ್ಬರು ಅವರನ್ನು ಮಹಾ ವಾಗ್ಮಿ ಎಂದರು. ಅವರ ತರಗತಿಯಲ್ಲಿ ಹಿಂದಿನ ಎರಡು ಬೆಂಚು ಪೂರ್ತಿ ತೂಕಡಿಸುತ್ತಿದ್ದುದನ್ನು ನಾನೇ ಕಿಟಕಿಯಿಂದ ನೋಡಿದ್ದೇನೆ. ಇನ್ನೊಬ್ಬರು ಸದಾ ಹಸನ್ಮುಖಿ ಎಂದರು. ಅವರು ನಕ್ಕಿದ್ದನ್ನು ನೆನಪಿಸಿಕೊಳ್ಳಬೇಕೆಂದರೆ ನಾನು ಸ್ವಲ್ಪ ಹೊತ್ತು ಕೂತು ಯೋಚಿಸಬೇಕು. ಕೊನೆಗೆ ಈಗಿನ ಪ್ರಿನ್ಸಿಪಾಲರು ಎದ್ದು, "ಪರದೇಶದ ವಿದ್ಯೆಯನ್ನು ದಾವಣಗೆರೆಗೆ ತಂದ ಮಹನೀಯರು" ಎಂದು ಹೇಳಿ, ಕೈಗಡಿಯಾರ ನೋಡಿಕೊಂಡು ಕೂತರು. ಎಲ್ಲರೂ ಎದ್ದು ನಿಂತು ಮೌನ ಆಚರಿಸಿದೆವು.

ನನಗೆ ಆ ಮೌನದಲ್ಲಿ ದುಃಖಕ್ಕಿಂತ ಸಿಟ್ಟೇ ಹೆಚ್ಚು ಬಂತು. ನಡೆದದ್ದು ಉಲ್ಟಾ. ಅವರು ಪರದೇಶದ ವಿದ್ಯೆಯನ್ನು ತಂದರು ಎನ್ನುವುದಕ್ಕಿಂತ ಇಲ್ಲಿಯದನ್ನು ಅಲ್ಲಿಗೆ ಕಳಿಸಿದರು ಎನ್ನಬೇಕು. ಈಚೆಗೆ ಎದ್ದು ಹೇಳುವುದೆಂದರೆ ನನಗೂ ಸಾಕಾಗಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಅವರು ನಮ್ಮ ಮೆಕ್ಯಾನಿಕಲ್ ವಿಭಾಗದ ಮುಖ್ಯಸ್ಥರು, ನಾನು ಅವರ ಕೈಕೆಳಗಿನ ಲೆಕ್ಚರರು. ಹುದ್ದೆ ಪ್ರೊಫೆಸರ್ ಆಗಿದ್ದರೂ ಆ ಶಬ್ದ ಅವರಿಗೆ ಕೊನೆಯವರೆಗೂ ಅಂಟಲೇ ಇಲ್ಲ. ಊರಿಗೆಲ್ಲ ಅವರು ಮೇಷ್ಟ್ರು. ಮನೆ ಹರಿಹರದಲ್ಲಿ, ಗುಡಿಯ ಹಿಂದಿನಿಂದ ಹೊಳೆಗೆ ಇಳಿಯುವ ಓಣಿಯಲ್ಲಿತ್ತು. ದಿನಾ ಬೆಳಿಗ್ಗೆ ಪ್ಯಾಸೆಂಜರ್ ಗಾಡಿ ಹತ್ತಿ ದಾವಣಗೆರೆಗೆ ಬರುತ್ತಿದ್ದರು. ಬೇಸಿಗೆ, ಮಳೆ, ಚಳಿ ಯಾವುದಿದ್ದರೂ ಕೈಯಲ್ಲಿ ಕೊಡೆ. ತರಗತಿಗೆ ಹೋದೊಡನೆ ಬೋರ್ಡನ್ನು ತಾವೇ ಒದ್ದೆ ಬಟ್ಟೆಯಿಂದ ಒರೆಸುವರು. ಜವಾನ ಬಂದರೆ "ಬ್ಯಾಡಪ್ಪ, ಸೀಮೆಸುಣ್ಣದ ಪುಡಿ ಹಾರ್ತೈತೆ, ನೀ ದೂರ ಇರು" ಎನ್ನುವರು. ಮೇಜಿನ ಕೆಳಗೆ ಚಪ್ಪಲಿ ಬಿಟ್ಟು, ಮಂಡಕ್ಕಿ ತಿನ್ನುತ್ತ ಉತ್ತರಪತ್ರಿಕೆ ತಿದ್ದುವರು. ಹುಡುಗರಿಗೆ ತಮ್ಮ ಪತ್ರಿಕೆಯ ಮೇಲೆ ಮಂಡಕ್ಕಿಯ ಎಣ್ಣೆಯ ಕಲೆ ಕಂಡರೆ ಸಮಾಧಾನ. ಮೇಷ್ಟ್ರು ಪೂರ್ತಿ ಓದಿದ್ದಾರೆ ಎಂದು ಅರ್ಥ.

ಅವರ ಬಳಿ ಒಂದು ಸಣ್ಣ ಹಲಗೆ ಇತ್ತು. ಅದಕ್ಕೆ ಅಕ್ಕಪಕ್ಕ ಎರಡು ಥರ್ಮಾಮೀಟರು ಕಟ್ಟಿದ್ದರು. ಒಂದರ ಬುಡಕ್ಕೆ ಒದ್ದೆ ಬಟ್ಟೆಯ ಚೂರು, ಇನ್ನೊಂದು ಒಣಗಿದ್ದು. ಎರಡರ ನಡುವಿನ ವ್ಯತ್ಯಾಸ ನೋಡಿ ಗಾಳಿಯಲ್ಲಿ ಎಷ್ಟು ತೇವ ಇದೆ ಎಂದು ತಿಳಿಯುವ ಸಾಧನ ಅದು. ಹೋದಲ್ಲೆಲ್ಲ ಅದನ್ನು ನೇತು ಹಾಕುವರು. ಗಾಡಿಯ ಕಿಟಕಿಗೆ, ಹೋಟೆಲಿನ ಗೂಟಕ್ಕೆ, ಎಲ್ಲಿಗೆಂದರಲ್ಲಿಗೆ. ಪಿ.ಜೆ. ಬಡಾವಣೆಯಲ್ಲಿ ನನ್ನ ಮದುವೆಯಾದಾಗ ಊಟದ ಚಪ್ಪರದ ಕಂಬಕ್ಕೂ ಹಾಕಿದರು. ನಮ್ಮ ಮಾವನವರು ಗಾಬರಿಯಾಗಿ ಕೇಳಿದರು:

"ಅದೇನ್ರಿ ಅದು, ದೃಷ್ಟಿಗೆ ಕಟ್ಟಿದ್ರೇನ್ರಿ?"

"ಅಲ್ರಿ, ಗಾಳ್ಯಾಗ ನೀರೆಷ್ಟೈತೆ ಅಂತ ನೋಡಾಕ."

"ಎಷ್ಟೈತ್ರಿ?"

"ಬಾಳ ಕಮ್ಮಿ ಐತ್ರಿ. ಮಜ್ಜಿಗೆ ಇನ್ನೊಂದು ಸುತ್ತು ಕಳಸ್ರಿ."

ನಾವು ನಗುತ್ತಿದ್ದೆವು. ಆ ಒದ್ದೆ ಬಟ್ಟೆ ಅವರ ಅಣ್ಣನ ಹಳೆಯ ಧೋತರದ ಚೂರು ಎಂದು ಗೊತ್ತಾದ ಮೇಲೆ ನಾನು ನಗುವುದನ್ನು ಬಿಟ್ಟೆ.

ಅಣ್ಣ ದಾವಣಗೆರೆಯ ಒಂದು ಹತ್ತಿಮಿಲ್ಲಿನಲ್ಲಿ ಮಗ್ಗದ ಮೇಲೆ ಇದ್ದವರು. ತಂದೆ ಬೇಗ ಹೋದದ್ದರಿಂದ ತಮ್ಮನನ್ನು ಓದಿಸಿದ್ದು ಆ ಮಗ್ಗವೇ. ನಮ್ಮ ಕಡೆಯ ಗಾಳಿ ಒಣಗಾಳಿ. ಒಣಗಾಳಿಗೆ ನೂಲು ಪಟಪಟ ಹರಿಯುತ್ತದೆ. ಅದಕ್ಕಾಗಿ ಮಗ್ಗದ ಶೆಡ್ಡಿನ ಕಿಟಕಿಗಳನ್ನೆಲ್ಲ ಮುಚ್ಚಿ ಒಳಗೆ ನೀರಿನ ತುಂತುರು ಬಿಡುತ್ತಾರೆ. ಹೊರಗೆ ಏಪ್ರಿಲ್ ತಿಂಗಳ ಬಿಸಿಲು, ಒಳಗೆ ನೀರೊಲೆ ಉರಿಯುವ ಬಚ್ಚಲುಮನೆಯ ಹಬೆ. ನೂಲಿಗೆ ಹಿತವಾದ ಆ ಗಾಳಿಯಲ್ಲಿ ಮನುಷ್ಯನ ಬೆವರು ಆರುವುದಿಲ್ಲ. ಅಣ್ಣ ಪಾಳಿ ಮುಗಿಸಿ ಮನೆಗೆ ಬಂದರೆ ಅಂಗಿ ಬಿಚ್ಚಿ ಸೀದಾ ನೆಲದ ಮೇಲೆ ಮಲಗುತ್ತಿದ್ದರಂತೆ, ಊಟಕ್ಕೂ ಏಳುತ್ತಿರಲಿಲ್ಲವಂತೆ. ಒಂದು ಬೇಸಿಗೆ ಮಧ್ಯಾಹ್ನ ಮಗ್ಗದ ಪಕ್ಕದಲ್ಲೇ ಕುಸಿದರು. ಎತ್ತಿಕೊಂಡು ಬಂದು ಹರಿಹರದ ಮನೆಯಲ್ಲಿ ಮಲಗಿಸಿದರು. ಆಮೇಲೆ ಅವರು ಮಿಲ್ಲಿಗೆ ಹೋಗಲಿಲ್ಲ. ನಾನು ನೋಡಿದಾಗ ರುಮಾಲು ಸುತ್ತಿಕೊಂಡು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಎರಡು ಮಾತಿಗೊಮ್ಮೆ ಉಸಿರು ಎಳೆದುಕೊಳ್ಳಬೇಕಾಗುತ್ತಿತ್ತು.

"ನೂಲು ಕಡೀತಂದ್ರ ಸೂಪರ್‌ವೈಜರ್ ಓಡಿ ಬರ್ತಿದ್ದ" ಎಂದರು ನನಗೆ. "ನಾ ಬಿದ್ದಾಗ ಯಾರೂ ಓಡಿ ಬರ್ಲಿಲ್ಲ ನೋಡ್ರಿ. ನಡಕೊಂಡು ಬಂದ್ರು."

ಮೇಷ್ಟ್ರು ಎದ್ದು ಹೋಗಿ ಅಣ್ಣನಿಗೆ ಒಂದು ಚೊಂಬು ನೀರು ತಂದರು.

ಐವತ್ತರ ದಶಕ ಮುಗಿಯುವ ಹೊತ್ತಿಗೆ ನಮ್ಮ ಕಾಲೇಜಿಗೆ ಜರ್ಮನಿಯ ಒಂದು ವಿಶ್ವವಿದ್ಯಾಲಯದ ಜೊತೆ ಒಪ್ಪಂದವಾಯಿತು. ಎರಡೂ ಕಡೆಯ ಮೇಷ್ಟ್ರುಗಳು ಕೂತು ಒಂದೇ ಸಿಲೆಬಸ್ ಮಾಡುವುದು, ಅದನ್ನೇ ಅಲ್ಲಿಯ ಹುಡುಗರಿಗೂ ಇಲ್ಲಿಯ ಹುಡುಗರಿಗೂ ಕಲಿಸುವುದು. ಕಾರ್ಖಾನೆ ಕಟ್ಟಡಗಳ ಬಗ್ಗೆ ಒಂದು ಹೊಸ ಪೇಪರು. ಛಾವಣಿ, ಬೆಳಕು, ಗಾಳಿ, ಶಾಖ, ಎಲ್ಲ ಅದರಲ್ಲಿ ಬರಬೇಕು. ಆ ಕೆಲಸಕ್ಕೆ ಅಲ್ಲಿಂದ ಒಬ್ಬ ಮೇಷ್ಟ್ರು ಬಂದರು. ಆರಡಿ ಮೀರಿದ ಆಳು, ಕೆಂಪು ಮುಖ. ಜಟಕಾದಲ್ಲಿ ಕೂತರೆ ತಲೆ ಮೇಲಿನ ತಟ್ಟಿಗೆ ಬಡಿಯುತ್ತಿತ್ತು. ಅವರ ಇಂಗ್ಲಿಷೂ ನಮ್ಮ ಮೇಷ್ಟ್ರ ಇಂಗ್ಲಿಷೂ ಎರಡೂ ಅಷ್ಟಕ್ಕಷ್ಟೆ. ಹಾಗಾಗಿ ಜಗಳವಾಡಲು ಮಾತು ಸಾಲುತ್ತಿರಲಿಲ್ಲ, ಇಬ್ಬರೂ ಸುಮ್ಮನೆ ಚಿತ್ರ ಬರೆದು ತೋರಿಸುತ್ತಿದ್ದರು.

ಅವರು ತಂದ ಪಾಠದಲ್ಲಿ ಎರಡು ದೊಡ್ಡ ಭಾಗಗಳಿದ್ದವು. ಕೊರೆಯುವ ಚಳಿಯಲ್ಲಿ ಕಾರ್ಖಾನೆಯ ಒಳಗನ್ನು ಬೆಚ್ಚಗಿಡುವುದು ಹೇಗೆ ಎಂಬುದು ಒಂದು. ಛಾವಣಿಯ ಮೇಲೆ ಬಿದ್ದ ಹಿಮದ ಭಾರವನ್ನು ಲೆಕ್ಕ ಹಾಕಿ ತೊಲೆ ಎಷ್ಟು ದಪ್ಪವಿರಬೇಕೆಂದು ಗೊತ್ತುಮಾಡುವುದು ಇನ್ನೊಂದು. ನಮ್ಮ ಸ್ಟಾಫ್ ರೂಮಿನಲ್ಲಿ ನಗೆಯೋ ನಗೆ. ದಾವಣಗೆರೆಯಲ್ಲಿ ಹಿಮವಂತೆ! ಆದರೆ ಮೇಷ್ಟ್ರು ನಗಲಿಲ್ಲ.

"ಇರ್ಲಿ ಬಿಡ್ರಿ" ಎಂದರು. "ಅವ್ರ ಚಳಿ ಲೆಕ್ಕ, ನಮ್ಮ ಸೆಕಿ ಲೆಕ್ಕ ಎಲ್ಲಾ ಒಂದಾ. ಗ್ವಾಡಿ ಆಚೆಯಿಂದ ಬರ್ತೈತೋ, ಈಚೆಯಿಂದ ಹೋಗ್ತೈತೋ ಅಷ್ಟೆ. ಅವ್ರದೂ ಇರ್ಲಿ. ಪಕ್ಕದಾಗ ನಮ್ದೂ ಒಂದು ಇರ್ಲಿ."

ಆ ಏಪ್ರಿಲಿನಲ್ಲಿ ಅವರು ಜರ್ಮನಿಯ ಮೇಷ್ಟ್ರನ್ನು ಅಣ್ಣ ಕೆಲಸ ಮಾಡುತ್ತಿದ್ದ ಮಗ್ಗದ ಶೆಡ್ಡಿಗೆ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ. ಹಲಗೆಯನ್ನು ಕಂಬಕ್ಕೆ ನೇತು ಹಾಕಿ ಮೂವರೂ ನಿಂತೆವು. ಒಣಗಿದ ಥರ್ಮಾಮೀಟರು, ಒದ್ದೆ ಥರ್ಮಾಮೀಟರು ಎರಡೂ ಹೆಚ್ಚುಕಮ್ಮಿ ಒಂದೇ ಕಡೆ ಬಂದು ನಿಂತವು. ಅಂದರೆ ಅಲ್ಲಿ ಬೆವರು ಆರುವ ಮಾತೇ ಇಲ್ಲ. ಆ ದೊಡ್ಡ ಆಳು ಸ್ವಲ್ಪ ಹೊತ್ತಿಗೇ ಹೊರಗೆ ಬಂದು ಬೇವಿನ ಮರದ ಕೆಳಗೆ ನೆಲದ ಮೇಲೆ ಕೂತುಬಿಟ್ಟರು. ಒಂದು ಚೊಂಬು ನೀರು ಕುಡಿದರು, ಇನ್ನೊಂದು ಚೊಂಬನ್ನು ತಲೆಯ ಮೇಲೆ ಸುರಿದುಕೊಂಡರು. ಆಮೇಲೆ ಅವರು ಹೇಳಿದ ಮಾತನ್ನು ನಾನು ಮರೆತಿಲ್ಲ. ಈ ಮಗ್ಗಗಳಲ್ಲಿ ಕೆಲವು ನಮ್ಮ ದೇಶದಲ್ಲಿ ತಯಾರಾದವು, ಮಾಡಿದ ಹುಡುಗರು ನನ್ನ ಹತ್ತಿರವೇ ಓದಿದವರಿರಬಹುದು, ಇವು ಎಂಥ ಜಾಗದಲ್ಲಿ ಓಡುತ್ತವೆಂದು ಅವರಿಗೆ ಯಾರೂ ಹೇಳಿಲ್ಲ, ನಾನೂ ಹೇಳಿಲ್ಲ ಎಂದರು.

ಅಲ್ಲಿಂದ ಮುಂದೆ ಅದು ಒಪ್ಪಂದದ ಕೆಲಸವಾಗಿ ಉಳಿಯಲಿಲ್ಲ, ಇಬ್ಬರ ಹಟವಾಯಿತು. ರಜೆಯ ದಿನ ಕೊಂಡಜ್ಜಿ ಕೆರೆಯ ಏರಿಯ ಮೇಲೆ ಕೂತೂ ಬರೆದರು. ಒಂದು ಭಾನುವಾರ ಹರಿಹರದ ಗುಡಿಯಲ್ಲಿ ಮೇಷ್ಟ್ರು ಅವರಿಗೆ ದೇವರನ್ನು ತೋರಿಸಿದರು. ಅರ್ಧ ಮೈ ಹರಿ, ಅರ್ಧ ಮೈ ಹರ.

"ನಮ್ಮ ಸಿಲೆಬಸ್ಸೂ ಹಿಂಗಾ ಆಗ್ಬೇಕು ನೋಡ್ರಿ" ಎಂದರು ನನ್ನ ಕಡೆ ತಿರುಗಿ. "ಅರ್ಧ ಅವ್ರದು, ಅರ್ಧ ನಮ್ದು. ಎರಡಕ್ಕೂ ನಿಂತ್ಕಳ್ಳಾಕ ಪೀಠ ಒಂದಾ."

ಅವರು ನಕ್ಕದ್ದು ಯಾವಾಗ ಎಂದು ಯೋಚಿಸಬೇಕು ಎಂದೆನಲ್ಲ, ಅವತ್ತು ನಕ್ಕರು.

ನಮ್ಮ ಅರ್ಧದಲ್ಲಿ ಇದ್ದದ್ದು ಮಗ್ಗದ ಶೆಡ್ಡಿನ ಅಧ್ಯಾಯ. ನೂಲೂ ಹರಿಯಬಾರದು, ಮನುಷ್ಯನೂ ಬೀಳಬಾರದು, ಅಂಥ ಗಾಳಿಯನ್ನು ಹೇಗೆ ಆಡಿಸುವುದು, ಎಲ್ಲಿ ಕಿಟಕಿ, ಎಲ್ಲಿ ಫ್ಯಾನು, ಎಲ್ಲಿ ನೀರು. ಅದರ ನಕ್ಷೆಗೆ ಟ್ರೇಸಿಂಗ್ ಬಟ್ಟೆಯ ಮೇಲೆ ಶಾಯಿ ಹಾಕಿದವನು ನಾನು. ಮೇಷ್ಟ್ರು ಪೆನ್ಸಿಲಿನಲ್ಲಿ ಬರೆದ ಮೂಲದಲ್ಲಿ ಪಡುವಣ ಗೋಡೆಯ ಪಕ್ಕದ ಮಗ್ಗದ ಹತ್ತಿರ ಒಬ್ಬ ಮನುಷ್ಯನಿದ್ದ. ಸಣ್ಣ ಆಕೃತಿ, ತಲೆಗೆ ರುಮಾಲು.

"ಇವನ್ನೂ ಬರೀಬೇಕೇನ್ರಿ ಸಾರ್? ಎಂಜಿನಿಯರಿಂಗ್ ಡ್ರಾಯಿಂಗಿನಾಗ ಮನುಷ್ಯಾ ಇರೋದಿಲ್ವಲ್ರಿ" ಎಂದೆ.

"ಗಾಳಿ ಯಾರ ಸಲುವಾಗಿ ಬಿಡಾಕ ಹತ್ತೇವ್ರಿ ಮತ್ತ? ಮಗ್ಗ ಉಸ್ರಾಡ್ತೈತೇನು? ಬರೀರಿ. ರುಮಾಲು ಇನ್ನೊಂಚೂರು ದೊಡ್ಡದಿರ್ಲಿ."

ಹೊಳೆಯ ಮೆಟ್ಟಿಲ ಮೇಲೆ ಆ ರುಮಾಲನ್ನು ನಾನು ನೋಡಿದ್ದೆ.

ಕೆಲಸ ಮುಗಿಯಿತು. ಇಬ್ಬರೂ ಸಹಿ ಹಾಕಿದರು. ಜರ್ಮನಿಯ ಮೇಷ್ಟ್ರು ತಮ್ಮ ಪ್ರತಿ ತೆಗೆದುಕೊಂಡು ಊರಿಗೆ ಹೋದರು. ನಮ್ಮ ಪ್ರತಿ ಇಲ್ಲಿಯ ವಿಶ್ವವಿದ್ಯಾಲಯದ ಪಠ್ಯಮಂಡಳಿಯ ಮುಂದೆ ಹೋಗಬೇಕಿತ್ತು. ಅದು ಒಪ್ಪಿದರಷ್ಟೇ ಪಾಠ, ಅದು ಒಪ್ಪಿದರಷ್ಟೇ ಪರೀಕ್ಷೆ. ನಮ್ಮ ಹುಡುಗರಲ್ಲಿ ಎಷ್ಟೋ ಮಂದಿ ಪಾಸಾಗಿ ಇದೇ ಮಿಲ್ಲುಗಳಿಗೆ ಎಂಜಿನಿಯರಾಗಿ ಹೋಗುವವರು. ಅವರಿಗೆ ಇದು ಗೊತ್ತಿದ್ದರೆ ಮುಂದಿನ ಶೆಡ್ಡಾದರೂ ಬೇರೆ ಥರ ಏಳುತ್ತದೆ. ಮೇಷ್ಟ್ರ ಆಸೆ ಇದ್ದದ್ದು ಇಷ್ಟೇ. ಅಣ್ಣ ಇರುವಷ್ಟರಲ್ಲಿ ಅದಾಗಲಿ ಎಂದೂ ಇತ್ತು. ಅದನ್ನು ಮಾತ್ರ ಅವರು ಬಾಯಿಬಿಟ್ಟು ಹೇಳಿರಲಿಲ್ಲ.

ಮಂಡಳಿಯ ಸಭೆಗೆ ನಾನೂ ನಕ್ಷೆಗಳ ಸುರುಳಿ ಹಿಡಿದುಕೊಂಡು ಹೋಗಿದ್ದೆ. ಅಧ್ಯಕ್ಷರು ಹಿರಿಯರು, ಮೆಲುಮಾತಿನವರು. ಹಿಮದ ಭಾರದ ಪುಟಗಳನ್ನು ಒಂದೊಂದಾಗಿ ಮಗುಚಿ "ಬಹಳ ಚೆನ್ನಾಗಿದೆ" ಎಂದರು. ಮಗ್ಗದ ಶೆಡ್ಡಿಗೆ ಬಂದಾಗ ಕನ್ನಡಕ ತೆಗೆದರು.

"ಇದು ನೀವು ಸೇರಿಸಿದ್ದಾ?"

"ಇಬ್ರೂ ಕೂಡಿ ಬರೆದದ್ರಿ."

"ನೋಡಿ, ಪರದೇಶದ ಸಿಲೆಬಸ್ಸು ಇದು. ನಾವು ಅದರಲ್ಲಿ ಕೈಯಾಡಿಸಿದರೆ ನಾಳೆ ನಮ್ಮ ಡಿಗ್ರಿ ಅವರ ಡಿಗ್ರಿಗೆ ಸಮ ಅಂತ ಯಾರು ಒಪ್ಪುತ್ತಾರೆ?"

"ಅವ್ರೂ ಸಹಿ ಹಾಕ್ಯಾರಲ್ರಿ. ಇದನ್ನ ತಮ್ಮಲ್ಲೂ ಕಲಿಸ್ತೀನಿ ಅಂದಾರ್ರಿ."

"ಅದು ಅವರ ಸೌಜನ್ಯ" ಎಂದರು ಅಧ್ಯಕ್ಷರು. ಪಕ್ಕದ ಸದಸ್ಯರೊಬ್ಬರು ನಕ್ಷೆಯನ್ನು ಕಣ್ಣ ಹತ್ತಿರ ಹಿಡಿದು, "ಇದೇನ್ರೀ, ರುಮಾಲು ಕಟ್ಟಿದವನೊಬ್ಬ ನಿಂತಿದ್ದಾನೆ?" ಎಂದು ನಕ್ಕರು. ಉಳಿದವರೂ ನಕ್ಕರು. ಕೆಟ್ಟ ನಗೆಯೇನಲ್ಲ, ಕಾಫಿ ಬರುವ ಹೊತ್ತಿನ ನಗೆ. ಹಿಮ ಮತ್ತು ಚಳಿ ಪೂರ್ತಿಯಾಗಿ ಪಾಸಾದವು, ಒಂದು ಅಕ್ಷರವೂ ಬದಲಾಗಲಿಲ್ಲ. ಮಗ್ಗದ ಶೆಡ್ಡಿಗೆ ಕೆಂಪು ಪೆನ್ಸಿಲಿನ ಗೀಟು ಬಿತ್ತು.

ಗಾಡಿಯಲ್ಲಿ ವಾಪಸು ಬರುವಾಗ ನಾನೊಬ್ಬನೇ ಕೂಗಾಡಿದೆ. ಮೇಷ್ಟ್ರು ಕಿಟಕಿಗೆ ಹಲಗೆ ನೇತು ಹಾಕಿ ಅದನ್ನೇ ನೋಡುತ್ತಿದ್ದರು. ದಾವಣಗೆರೆ ಬಂದು ನಾನು ಇಳಿಯುವಾಗ, "ಇರ್ಲಿ ಬಿಡ್ರಿ" ಎಂದರು. ಆ ಮಾತನ್ನು ಅವರು ಮೊದಲೂ ಹೇಳುತ್ತಿದ್ದರು. ಅವತ್ತಿನಿಂದ ಅದರ ದನಿ ಬೇರೆಯಾಯಿತು.

ಆಮೇಲೆ ವರ್ಷ ವರ್ಷವೂ ಅವರು ದಾವಣಗೆರೆಯಲ್ಲಿ ಹಿಮದ ಪಾಠ ಹೇಳಿದರು. ಬೇಕಾಬಿಟ್ಟಿ ಹೇಳಲಿಲ್ಲ, ಅದು ಅವರಿಂದ ಆಗುವ ಕೆಲಸವೂ ಅಲ್ಲ. ಬೇಸಿಗೆಯ ಧಗೆಯಲ್ಲಿ ಹುಡುಗರು ಬೆವರು ಒರೆಸಿಕೊಳ್ಳುತ್ತ ಛಾವಣಿಯ ಮೇಲೆ ಹಿಮ ಏರಿಸಿ ತೊಲೆಯ ದಪ್ಪ ಕಂಡುಹಿಡಿಯುತ್ತಿದ್ದರು. ಒಬ್ಬ ಎದ್ದು ಕೇಳಿದ:

"ಸಾರ್, ಹಿಮ ಹೆಂಗಿರ್ತೈತ್ರಿ?"

"ನಾನೂ ನೋಡಿಲ್ಲಪ್ಪ. ಲೆಕ್ಕ ಹಾಕು."

ಮೊದಲ ವರ್ಷ ಮಗ್ಗದ ಶೆಡ್ಡಿನ ಅಧ್ಯಾಯವನ್ನು ಶನಿವಾರ ಮಧ್ಯಾಹ್ನ, ಕಾಲೇಜು ಬಿಟ್ಟ ಮೇಲೆ ಹೇಳುತ್ತೇನೆ, ಬೇಕಾದವರು ಬರ್ರಿ ಎಂದರು. ಮೊದಲ ಶನಿವಾರ ಬೆಂಚು ತುಂಬಿತ್ತು. ಅರ್ಧ ಪಾಠದಲ್ಲಿ ಒಬ್ಬ ಹುಡುಗ ಕೈಯೆತ್ತಿದ.

"ಇದು ಪರೀಕ್ಷೆಗೆ ಬರ್ತೈತೇನ್ರಿ ಸಾರ್?"

ಸುಳ್ಳು ಹೇಳಬಹುದಿತ್ತು. ಅವರು "ಇಲ್ಲಪ್ಪ" ಎಂದರು. ಮುಂದಿನ ಶನಿವಾರ ಬೆಂಚಿನ ಮೇಲೆ ನಾನೊಬ್ಬನೇ ಇದ್ದೆ. ಮೇಷ್ಟ್ರು ಬೋರ್ಡು ಒರೆಸಿದರು, ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿದರು, ಕೊಡೆ ತೆಗೆದುಕೊಂಡು ಸ್ಟೇಷನ್ನಿಗೆ ಹೊರಟರು. ಹುಡುಗರನ್ನು ಬೈಯುವುದಕ್ಕೆ ನನಗೆ ಮನಸ್ಸಿಲ್ಲ. ಬಡವರ ಮನೆಯ ಮಕ್ಕಳು, ಪರೀಕ್ಷೆಗೆ ಬಾರದ್ದನ್ನು ಕಲಿಯುವಷ್ಟು ಪುರಸತ್ತು ಅವರಿಗೆ ಎಲ್ಲಿಂದ ಬರಬೇಕು?

ಅಣ್ಣ ತೀರಿಕೊಂಡದ್ದು ಆ ವರ್ಷದ ಮಳೆಗಾಲದಲ್ಲಿ. ಮಣ್ಣು ಮುಗಿಸಿ ಮೂರನೆಯ ದಿನ ಮೇಷ್ಟ್ರು ಕಾಲೇಜಿಗೆ ಬಂದರು. ಎಂದಿನಂತೆ ಬೋರ್ಡು ಒರೆಸಿದರು, ಪಾಠ ಮಾಡಿದರು. ಹಲಗೆಯ ಥರ್ಮಾಮೀಟರಿಗೆ ಮಾತ್ರ ಹೊಸ ಬಟ್ಟೆ ಕಟ್ಟಿದ್ದರು. ಅಣ್ಣನ ಧೋತರದ ಚೂರು ಅಲ್ಲಿರಲಿಲ್ಲ.

ಆಮೇಲೆ ಅವರು ನಿವೃತ್ತರಾದರು, ನಾವು ಶಾಲು ಹೊದಿಸಿದೆವು. ಒಪ್ಪಂದವನ್ನು ಊರೇ ಮರೆತಿತ್ತು. ಹೀಗಿರುವಾಗ ಹೋದ ವರ್ಷ ಜರ್ಮನಿಯಿಂದ ಮತ್ತೊಬ್ಬರು ಬಂದರು. ಈ ಸಲ ಎಳೆಯ ವಯಸ್ಸಿನವನು, ಆ ಹಳೆಯ ಜರ್ಮನ್ ಮೇಷ್ಟ್ರ ಶಿಷ್ಯ. ಒಪ್ಪಂದವನ್ನು ಹೊಸದು ಮಾಡುವುದಕ್ಕಾಗಿ ತಮ್ಮಲ್ಲಿ ಈಗ ನಡೆಯುತ್ತಿರುವ ಸಿಲೆಬಸ್ಸನ್ನು ತಂದಿದ್ದ. ಪ್ರಿನ್ಸಿಪಾಲರು ಸಭೆ ಕರೆದರು, ಹಾರ ತರಿಸಿದರು. ನಾನು ಹರಿಹರಕ್ಕೆ ಹೋಗಿ ಮೇಷ್ಟ್ರನ್ನು ಕರೆದುಕೊಂಡು ಬಂದೆ. ಅವರಿಗೆ ಮೂರನೆಯ ಸಾಲಿನಲ್ಲಿ ಕುರ್ಚಿ ಸಿಕ್ಕಿತು.

ಆ ಹುಡುಗ ಮಾತು ಶುರು ಮಾಡಿದ. ಬಿಸಿ ದೇಶಗಳಲ್ಲಿ ಹತ್ತಿಮಿಲ್ಲಿನ ಗಾಳಿಯ ಬಗ್ಗೆ ನಮ್ಮಲ್ಲಿ ಒಂದು ಮುಖ್ಯ ಪಾಠವಿದೆ, ಮಗ್ಗ ಮಾಡುವ ಎಂಜಿನಿಯರು ಅದನ್ನು ಓದದೆ ಪಾಸಾಗುವಂತಿಲ್ಲ ಎಂದು ಹೇಳಿ ಒಂದು ದೊಡ್ಡ ನಕ್ಷೆಯನ್ನು ಗೋಡೆಗೆ ಇಳಿಬಿಟ್ಟ. ಗೆರೆಗಳು ಹೊಸವು, ಅಕ್ಷರಗಳು ಅವರವು. ಆದರೆ ಶೆಡ್ಡು ನಮ್ಮದು. ಪಡುವಣ ಗೋಡೆಯ ಪಕ್ಕದ ಮಗ್ಗದ ಹತ್ತಿರ ಒಬ್ಬ ಮನುಷ್ಯ ನಿಂತಿದ್ದ. ಸಣ್ಣ ಆಕೃತಿ, ತಲೆಗೆ ದೊಡ್ಡ ರುಮಾಲು.

ತಿರುಗಿ ನೋಡುವಷ್ಟರಲ್ಲಿ ಮೇಷ್ಟ್ರು ಎದ್ದಿದ್ದರು. ಕೊಡೆ ಊರಿಕೊಂಡು ಮೆಲ್ಲಗೆ ನಕ್ಷೆಯ ಹತ್ತಿರ ಹೋದರು. ಪ್ರಿನ್ಸಿಪಾಲರು ಮುಜುಗರದಿಂದ, "ಮೇಷ್ಟ್ರೇ, ಕೂಡ್ರಿ, ಭಾಷಣ ನಡದೈತೆ" ಎಂದರು. ಮೇಷ್ಟ್ರು ಕೂಡಲಿಲ್ಲ. ಅಷ್ಟು ವರ್ಷ ಇಂಗ್ಲಿಷಿನಲ್ಲಿ ಪಾಠ ಹೇಳಿದ ಬಾಯಿಗೆ ಆ ಹೊತ್ತು ಇಂಗ್ಲಿಷ್ ಬರಲಿಲ್ಲ. ನನ್ನನ್ನು ಕರೆದರು.

"ಕೇಳ್ರಿ ಅವರ್ನ. ಈ ಮನುಷ್ಯಾನ್ನ ಯಾಕ ಬಿಟ್ಟಿಲ್ಲ ಅಂತ ಕೇಳ್ರಿ."

ಕೇಳಿದೆ. ಆ ಹುಡುಗ ಹೇಳಿದ: ನಮ್ಮ ಗುರುಗಳ ಕಟ್ಟಪ್ಪಣೆ. ನಕ್ಷೆಯನ್ನು ಎಷ್ಟು ಸಲ ತಿದ್ದಿದರೂ ಇವನನ್ನು ಮಾತ್ರ ತೆಗೆಯಬಾರದು, ಎಲ್ಲ ಲೆಕ್ಕ ಇವನಿಂದ ಶುರುವಾಗಬೇಕು ಎಂದಿದ್ದರು. ನಮ್ಮ ವಿದ್ಯಾರ್ಥಿಗಳು ಪ್ರತಿ ವರ್ಷವೂ ಇವನು ಯಾರು ಎಂದು ಕೇಳುತ್ತಾರೆ. ನಮಗೆ ಗೊತ್ತಿಲ್ಲ.

ನಾನು ಕನ್ನಡದಲ್ಲಿ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ನಮ್ಮಣ್ಣ ಅಂತ ಹೇಳ್ರಿ" ಎಂದರು. "ಅಲ್ಲೀಮಟ ಹೋಗಿ ಬಂದಾನ ನೋಡ್ರಿ. ಬದುಕಿದ್ದಾಗ ಹೊಳಿ ದಾಟಿ ಹೋಗಾಕ ಆಗ್ಲಿಲ್ಲ ಅವಂಗ."

ಆ ಹುಡುಗ ಭಾಷಣ ಬಿಟ್ಟು ಅಣ್ಣನ ಹೆಸರು ಕೇಳಿದ. ಮೇಷ್ಟ್ರು ಹೇಳಿದರು. ಅವನು ಎರಡು ಸಲ ಹೇಳಿಸಿಕೊಂಡು, ಜೇಬಿನಿಂದ ಪೆನ್ನು ತೆಗೆದು, ತನ್ನ ನಕ್ಷೆಯ ಮೇಲೆ ರುಮಾಲಿನವನ ಪಕ್ಕದಲ್ಲಿ ಬರೆದುಕೊಂಡ.

ಪಠ್ಯಮಂಡಳಿ ಈ ಸಲ ತಡ ಮಾಡಲಿಲ್ಲ. ಪರದೇಶದಿಂದ ಬಂದ ಪಾಠ, ಹಾಗಾಗಿ ಪೂರ್ತಿ ಪಾಸು. ನಮ್ಮ ಹವಾಮಾನವನ್ನು ಹೊರಗಿನವರು ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಂಡಿದ್ದಾರೆಂದು ಮೆಚ್ಚುಗೆಯನ್ನೂ ಬರೆದರು. ನಾನು ಹರಿಹರಕ್ಕೆ ಹೋಗಿ ಸಿಟ್ಟಿನಿಂದಲೇ ಈ ಸುದ್ದಿ ಹೇಳಿದೆ. ಮೇಷ್ಟ್ರು ಅಣ್ಣ ಕೂರುತ್ತಿದ್ದ ಮೆಟ್ಟಿಲ ಮೇಲೆ ಕೂತಿದ್ದರು.

"ಬಂತಲ್ಲ, ಸಾಕು ಬಿಡ್ರಿ" ಎಂದರು. "ಯಾವ ಗಾಡ್ಯಾಗ ಬಂತು ಅಂತ ಯಾಕ ಕೇಳ್ತೀರಿ."

ಅವರಿಗೆ ಸಂತೋಷವಾಗಿತ್ತೋ, ಸಾಕಾಗಿತ್ತೋ, ನನಗೆ ಇವತ್ತಿಗೂ ತಿಳಿದಿಲ್ಲ. ಎರಡೂ ಇದ್ದಿರಬೇಕು. ಆ ಮಿಲ್ಲಿನ ಶೆಡ್ಡು ಇನ್ನೂ ಹಾಗೇ ಇದೆ. ಪಾಠ ಓದಿದ ಹುಡುಗರು ಅಲ್ಲಿಗೆ ಹೋಗಿ ಕೂರುವ ತನಕ ಅದು ಹಾಗೇ ಇರುತ್ತದೆ.

ಮೊನ್ನೆ ಸಂತಾಪ ಸಭೆ ಮುಗಿದ ಮೇಲೆ ನಾನು ಮನೆಗೆ ಹೋಗದೆ ಮೇಲಿನ ಮಹಡಿಯ ತರಗತಿಗೆ ಹೋದೆ. ಜರ್ಮನಿಯಿಂದ ಬಂದ ನಕ್ಷೆಯ ಇನ್ನೊಂದು ಪ್ರತಿ ಅಲ್ಲಿಯ ಗೋಡೆಗೆ ತೂಗುಹಾಕಿದೆ. ಅದರಲ್ಲಿ ಹೆಸರಿಲ್ಲ. ಕುರ್ಚಿ ಎಳೆದು ಹತ್ತಿ, ರುಮಾಲಿನವನ ಪಕ್ಕದಲ್ಲಿ ಕನ್ನಡದಲ್ಲಿ, ಶಾಯಿಯಲ್ಲಿ, ಅಣ್ಣನ ಹೆಸರು ಬರೆದೆ. ಮೇಷ್ಟ್ರ ಹೆಸರು ಬರೆಯಲಿಲ್ಲ. ಅವರಿದ್ದಿದ್ದರೆ ಒದ್ದೆ ಬಟ್ಟೆ ತಂದು ಒರೆಸುತ್ತಿದ್ದರು.

ಇಳಿಯುವಾಗ ಹಿಂದಿನ ಬೆಂಚಿನಲ್ಲಿ ಓದುತ್ತಿದ್ದ ಹುಡುಗನೊಬ್ಬ ಎದ್ದು ನಿಂತ.

"ಸಾರ್, ಈ ಹೆಸ್ರು ಪರೀಕ್ಷೆಗೆ ಬರ್ತೈತೇನ್ರಿ?"

ಮುಂದಿನ ಪರೀಕ್ಷೆಯ ಪ್ರಶ್ನೆಪತ್ರಿಕೆ ತೆಗೆಯುವವನು ನಾನೇ.

"ಬರ್ತೈತಪ್ಪ" ಎಂದೆ. "ಬರ್ಕೋ."